ಹಿತ್ತಲ ಬಾಗಿಲಲ್ಲಿ ನೀರು ಕೇಳಿದವಳು

ಅವಳ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಎಲೆಗೆ ಸುಣ್ಣ ಸವರಿ ಸವರಿ ಹತ್ತಿದ ಬಿಳುಪು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದೇ ಇರುತ್ತಿತ್ತು. ಮಾತು ಕಾವೇರಿತೆಂದರೆ ಆ ಬೆರಳು ಎದುರಿಗಿದ್ದವರ ಮೂಗಿನವರೆಗೂ ಬರುತ್ತಿತ್ತು. ನಮ್ಮ ದೊಡ್ಡಪ್ಪನ ಕನ್ನಡಕಕ್ಕೆ ಒಂದು ಸಲ ಆ ಸುಣ್ಣ ತಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡು ಸಂತೋಷಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೊಳೆನರಸೀಪುರದ ಪೇಟೆಯಲ್ಲಿ ನಮ್ಮದು ಕಬ್ಬಿಣ, ಸಿಮೆಂಟಿನ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಎದುರು ಸಾಲಿನ ಹೆಂಚಿನ ಮನೆ ಅವಳದು. ನಮಗೂ ಅವಳಿಗೂ ನೆಂಟಸ್ತಿಕೆಯೇನಿಲ್ಲ, ಆದರೆ ಇಡೀ ಬೀದಿಗೆ ಅವಳು ಸಂಬಂಧದಜ್ಜಿ. ಗಂಡು ಹೆಣ್ಣು ಕೂಡಿಸುವುದೇ ಅವಳ ಕಸುಬು. ಅರಕಲಗೂಡು, ಹಾಸನ, ಕಟ್ಟಾಯ, ಎಲ್ಲೆಲ್ಲಿ ನಮ್ಮವರ ಮನೆಗಳಿದ್ದವೋ ಅಲ್ಲಿಗೆಲ್ಲ ಎಲೆ ಅಡಿಕೆ ಚೀಲ ಹಿಡಿದು ಬಸ್ಸು ಹತ್ತಿ ಹೋಗಿ ಬರುತ್ತಿದ್ದಳು.

ಬೇರೆ ದಲ್ಲಾಳಿಗಳು ಮುಂಬಾಗಿಲಿನಿಂದ ಹೋಗಿ, ಸೋಫಾದಲ್ಲಿ ಕೂತು, ಉಪ್ಪಿಟ್ಟು ತಿಂದು ಬರುತ್ತಿದ್ದರು. ಇವಳು ಹೊಸ ಮನೆಯೊಂದಕ್ಕೆ ಮೊದಲ ಸಲ ಮುಂಬಾಗಿಲಿನಿಂದ ಹೋದವಳೇ ಅಲ್ಲ. ಹೇಳದೆ ಕೇಳದೆ ಹಿತ್ತಲಿಗೆ ಹೋಗಿ, “ಯಾರವ್ವಾ ಒಳಗೆ? ನಡೆದು ನಡೆದು ಸಾಕಾಗೈತೆ, ಒಂದ್ ಲೋಟ ನೀರ್ ಕೊಡ್ರವ್ವ” ಅನ್ನುವಳು. ನೀರು ತರುವುದು ಆ ಮನೆಯ ಸೊಸೆ ತಾನೆ. ಅವಳು ಲೋಟ ಚಾಚುವ ಮೊದಲು ಹೆದರಿ ಒಳಗೆ ತಿರುಗಿ ನೋಡಿದಳೋ, ಆ ಮನೆಯ ಕತೆ ಅಲ್ಲಿಗೆ ಮುಗಿಯಿತು. ಅಜ್ಜಿ ನೀರು ಕುಡಿದು ಎದ್ದು ಬಂದುಬಿಡುತ್ತಿದ್ದಳು.

“ಅತ್ತೆನ ಕೇಳುದ್ರೆ ಬಂಗಾರದಂಥ ಮನೆ ಅಂತಾಳೆ,” ಎಂದು ನಮ್ಮ ಜಗಲಿಯ ಮೇಲೆ ಕೂತು ಹೇಳುತ್ತಿದ್ದಳು. “ಒಳಗಿರೋಳ್ನ ಕೇಳ್ಬೇಕು. ಬುಟ್ಟು ಬಂದೋಳಿದ್ರೆ ಇನ್ನೂ ಒಳ್ಳೇದು, ಅವಳ್ನೇ ಕೇಳ್ಬೇಕು.”

ನಾನು ವಿಮಾನ ಹಾರಿಸಲು ಕಲಿತು ಲೈಸೆನ್ಸ್ ಹಿಡಿದು ಊರಿಗೆ ಬಂದಾಗ ಬೀದಿಯ ಜನಕ್ಕೆ ನನ್ನನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಗಗನಸಖಿಯಾ ಎಂದು ಕೇಳಿದವರಿಗೆ ಅಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ಸಂಬಂಧದಜ್ಜಿ ಮಾತ್ರ ಬಂದವಳೇ ನೆಟ್ಟಗೆ ಕೇಳಿದಳು: “ಗಂಡು ನೋಡ್ಲಾ, ಕೆಲಸ ನೋಡ್ಲಾ?”

“ಮೊದಲು ಕೆಲಸ ಅಜ್ಜಿ.”

“ಸರಿ ಬುಡು. ಎರಡೂ ನೋಡೋದು ಒಂದೇ ಥರ.”

ಕೆಲಸ ಎರಡು ಕಡೆಯಿಂದ ಬಂತು. ಎರಡೂ ಸಣ್ಣ ಊರುಗಳ ನಡುವೆ ಹಾರುವ ಕಂಪನಿಗಳೇ. ಒಂದು ಹೊಸದು, ಭಾರಿ ಗತ್ತಿನದು. ಜೆಟ್ ವಿಮಾನ, ಚೆಂದದ ಯೂನಿಫಾರ್ಮು, ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು. ಆದರೆ ಐದು ವರ್ಷ ಬಿಟ್ಟು ಹೋಗುವಂತಿಲ್ಲ. ನನ್ನ ಅಸಲು ಮಾರ್ಕ್ಸ್ ಕಾರ್ಡು, ಹಾರಿದ ಗಂಟೆಗಳೆಲ್ಲ ಬರೆದಿರುವ ಲಾಗ್‌ಬುಕ್ಕು, ಎಲ್ಲ ಅವರ ಹತ್ತಿರವೇ ಇರಬೇಕು. ಇನ್ನೊಂದು ಹಳೆಯದು, ಸದ್ದಿಲ್ಲದ್ದು. ರೆಕ್ಕೆಯ ಮೇಲೆ ಪಂಖ ತಿರುಗುವ ಸಣ್ಣ ವಿಮಾನಗಳು. ಪತ್ರಗಳ ನಕಲು ಸಾಕು ಎಂದಿದ್ದರು. ನನಗೂ ಜೆಟ್ಟಿನ ಆಸೆ ಇತ್ತು. ಯಾರಿಗಿರುವುದಿಲ್ಲ?

ಹಾಸನದಿಂದ ದೊಡ್ಡಪ್ಪ ಕಾರು ಮಾಡಿಕೊಂಡೇ ಬಂದರು. ನಿವೃತ್ತ ಅಧಿಕಾರಿ. ನಮ್ಮ ಮನೆಯಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಅಪ್ಪ ಅವರೆದುರು ಕುರ್ಚಿಯ ತುದಿಯಲ್ಲಿ ಕೂರುವವರು.

“ಫ್ಯಾನ್ ವಿಮಾನ ಓಡ್ಸೋಕೆ ಇಷ್ಟೆಲ್ಲ ಓದಿಸಿದ್ದಾ? ಜನ ನಗ್ತಾರೆ ಕಣಮ್ಮ. ನಾಳಿದ್ದೇ ಬೆಂಗಳೂರಿಗೆ ಹೋಗಿ ಜೆಟ್ ಕಂಪನಿಗೆ ಸೈನ್ ಹಾಕಿ ಬಾ,” ಎಂದರು.

ಜಗಲಿಯಿಂದ ಅಜ್ಜಿಯ ದನಿ ಬಂತು. “ಆ ಮನೆ ಬುಟ್ಟು ವಾಪಸ್ ಬಂದೋರು ಯಾರಾದ್ರೂ ಅವ್ರಾ?”

“ಇದೇನು ಮದುವೆನಾ?” ದೊಡ್ಡಪ್ಪ ನಕ್ಕರು. ಅಬ್ಬಾ, ಆ ನಗು! ಮೈಯೆಲ್ಲ ಉರಿದುಹೋಯಿತು ನನಗೆ.

ಅಜ್ಜಿ ಎದ್ದು ಒಳಗೇ ಬಂದಳು. “ಐದ್ ವರ್ಷ ಬುಡಂಗಿಲ್ಲ. ಎಲ್ಲಿಗ್ ಕಳ್ಸುದ್ರೂ ಓಗ್ಬೇಕು. ಇವಳ ಒಡವೆ ಅವರ ಬೀರುನಾಗೆ. ಮದುವೆ ಅಲ್ದೆ ಇನ್ನೇನ್ ಸಾ ಇದು?” ಆ ‘ಸಾ’ ಅಂದಾಗಲೇ ಬೆರಳು ಕನ್ನಡಕಕ್ಕೆ ತಾಗಿದ್ದು. ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ ಕೂತರು. ಒರೆಸಿದಷ್ಟೂ ಮಬ್ಬಾಯಿತು.

ಆದರೂ ಹೋಗುವುದೆಂದೇ ತೀರ್ಮಾನವಾಯಿತು. ಅಜ್ಜಿ ಒಂದೇ ಷರತ್ತು ಹಾಕಿದಳು: “ನಾನೂ ಬತ್ತೀನಿ.”

ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಿತು. ಅಜ್ಜಿ ಕಿಟಕಿಯಿಂದ ಹೊರಗೆ ನೋಡುತ್ತ ಎಲೆಯ ನಾರು ತೆಗೆಯುವುದನ್ನೂ ಮರೆತಳು. ಆ ಊರಿನ ವಿಷಯ ನನಗೆ ಗೊತ್ತಿತ್ತು, ನಮ್ಮ ಬೀದಿಗೆಲ್ಲ ಗೊತ್ತು. ಅವಳ ಒಬ್ಬಳೇ ಮಗಳನ್ನು ಕೊಟ್ಟಿದ್ದು ಅಲ್ಲಿನ ಅಕ್ಕಿ ಗಿರಣಿಯವರ ಮನೆಗೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ಮಗಳು ಮೈಮೇಲೆ ಬರೆ ಹೊತ್ತು ತಾಯಿಗೆ ಫೋನು ಮಾಡಿದಳು. ಅಜ್ಜಿ ಅವತ್ತೇ ವ್ಯಾನು ಮಾಡಿಕೊಂಡು ಹೋಗಿ ಕರೆತಂದಳು. ಸಂಜೆಯವರೆಗೆ ಕಾದು ಮರೆಯಲ್ಲಿ ಬಾ ಎಂದು ಎಷ್ಟೋ ಜನ ಹೇಳಿದ್ದರು. ಅವಳು ಉರಿಬಿಸಿಲಲ್ಲಿ ಪೇಟೆಯ ತುದಿಯಲ್ಲೇ ವ್ಯಾನು ನಿಲ್ಲಿಸಿ, ಮಗಳ ಕೈ ಹಿಡಿದು, ಅಷ್ಟೂ ಅಂಗಡಿಗಳ ಮುಂದೆ ನಡೆಸಿಕೊಂಡು ಬಂದಳು.

ಹಿರಿಯರು ಪಂಚಾಯಿತಿ ಸೇರಿಸಿದರು. ಹಣ್ಣು ಕಾಯಿ ಇಟ್ಟು ಮಗಳ ಕೈಲಿ ತಪ್ಪಾಯ್ತು ಅನ್ನಿಸು, ಬೀಗರು ವಾಪಸ್ ಕರೆದುಕೊಳ್ಳುತ್ತಾರೆ ಎಂದರು. “ತಪ್ಪಾಯ್ತು ಅನ್ನಕೆ ನನ್ ಮಗಳು ಏನ್ ಮಾಡವ್ಳೆ? ವಾಪಸ್ ಬಂದವ್ಳೆ. ವಾಪಸ್ ಬರೋದು ತಪ್ಪಾ?” ಎಂದು ಎದ್ದುಬಂದಳಂತೆ. ಆಮೇಲೂ ಕಸುಬು ಬಿಡಲಿಲ್ಲ. ಯಾರ ಮನೆಗೆ ಹೋದರೂ ಮೊದಲ ಮಾತೇ, “ನನ್ ಮಗಳು ಗಂಡನ ಮನೆ ಬುಟ್ಟು ಬಂದೋಳು. ಇಷ್ಟ ಇದ್ರೆ ಮಾತಾಡಿ.” ಮಗಳು ಮುಂದೆ ಓದಿ ಹಾಸನದ ಆಸ್ಪತ್ರೆಯಲ್ಲಿ ನರ್ಸ್ ಆದಳು.

ನನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಅಜ್ಜಿ ಅವತ್ತು ಬಸ್ಸಿನಲ್ಲಿ ಹೇಳಿದಳು.

“ಊರೋರ್ ಮನೆಗೆಲ್ಲ ಇತ್ಲ ಬಾಗ್ಲಿಂದ ಓಗೋಳು, ಆ ಮನೆಗೆ ಮಾತ್ರ ಮುಂದ್ಗಡೆಯಿಂದ ಓಗಿದ್ದೆ ಕಣೆ. ನಾಳೆ ಬೀಗರಾಗೋರು, ಅವರ ಇತ್ಲಲ್ಲಿ ಓಗಿ ನಿಂತ್ಕೊಂಡ್ರೆ ಮರ್ಯಾದೆ ಏನ್ ಬಂತು ಅಂದ್ಕಂಡೆ. ಆ ಮನೇಲಿ ದೊಡ್ಡ ಸೊಸೆ ಒಬ್ಳು ಇದ್ಲು. ಒಂದ್ ಲೋಟ ನೀರ್ ಕೇಳಿದ್ರೆ ಸಾಕಿತ್ತು.”

ಬಸ್ಸು ಹೊರಟಿತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದಳು.

ಬೆಂಗಳೂರಿನ ಆ ಆಫೀಸೋ, ಗಾಜಿನ ಅರಮನೆ. ನನ್ನನ್ನು ತಂಪು ಕೋಣೆಯಲ್ಲಿ ಕೂರಿಸಿ, ಅಸಲು ಪತ್ರಗಳನ್ನೆಲ್ಲ ಇಸಿದುಕೊಂಡು, ಸಹಿ ಹಾಕುವ ಕಾಗದ ತರುತ್ತೇವೆ ಎಂದು ಹೋದರು. ಅಜ್ಜಿ ನನ್ನ ಜೊತೆ ಒಳಗೆ ಬರಲೇ ಇಲ್ಲ. ಕಟ್ಟಡ ಸುತ್ತಿಕೊಂಡು, ಡ್ರೈವರುಗಳು, ಕಸ ಗುಡಿಸುವವರು ಬುತ್ತಿ ಬಿಚ್ಚುವ ಹಿಂದಿನ ಗೇಟಿಗೆ ಹೋಗಿ ನೀರು ಕೇಳಿದ್ದಾಳೆ!

ನೀರಿನ ಬಾಟಲಿ ಕೊಟ್ಟವಳು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹುಡುಗಿ. ಆ ಕಂಪನಿಯಲ್ಲೇ ಪೈಲಟ್ ಆಗಿದ್ದು ಬಿಟ್ಟವಳು. ತನ್ನ ಪತ್ರಗಳನ್ನು ವಾಪಸ್ ಕೇಳಲು ವಾರಗಟ್ಟಲೆ ಅಲೆಯುತ್ತಿದ್ದಾಳೆ, ಮುಂದಿನ ಬಾಗಿಲಲ್ಲಿ ಸೆಕ್ಯೂರಿಟಿ ಒಳಗೆ ಬಿಡುತ್ತಿಲ್ಲ. ಅಜ್ಜಿ ಕೆದಕಿ ಕೆದಕಿ ಕೇಳಿದಳಂತೆ. ಒಂದು ದಿನ ಇಳಿಯುವ ಹೊತ್ತಿಗೆ ಮೋಡ ಮುಚ್ಚಿ ರನ್‌ವೇ ಕಾಣಲಿಲ್ಲ. ಕಾಣದಿದ್ದರೆ ಇಳಿಯಬಾರದು, ಮತ್ತೆ ಮೇಲೇರಿ ವಾಪಸ್ ಹೋಗಬೇಕು, ಅದೇ ನಿಯಮ. ಇವಳು ಬೇಡ ಎಂದಳು, ಕ್ಯಾಪ್ಟನ್ ಒಪ್ಪಿ ವಿಮಾನ ತಿರುಗಿಸಿದರು. ಮರುದಿನ ಇಬ್ಬರನ್ನೂ ಕರೆದು, ಇಂಧನ ದಂಡ, ಕಂಪನಿಗೆ ಕೆಟ್ಟ ಹೆಸರು, ತಪ್ಪಾಯಿತು ಎಂದು ಬರೆದುಕೊಡಿ ಎಂದರು. ಇವಳು ಬರೆದುಕೊಡಲಿಲ್ಲ.

ಇಷ್ಟನ್ನು ನಾನು ತಿಳಿದದ್ದು ಆಮೇಲೆ. ಆಗ ನನಗೆ ಕಂಡದ್ದು, ತಂಪು ಕೋಣೆಯ ಬಾಗಿಲು ದಡಾರನೆ ತೆರೆದು ಅಜ್ಜಿ ನಿಂತಿದ್ದು. ಹಿಂದೆ ಸೆಕ್ಯೂರಿಟಿಯವನು ಏದುಸಿರು ಬಿಡುತ್ತಿದ್ದ. ನನ್ನ ಕೈಯಲ್ಲಿ ಪೆನ್ನಿತ್ತು.

“ಏಳು ಮೇಲೆ. ಈ ಮನೇಲಿ ವಾಪಸ್ ಬಂದೋರ ಕೈಲಿ ತಪ್ಪಾಯ್ತು ಅನ್ನುಸ್ತಾರೆ.”

ಅವಳ ಬಾಯಲ್ಲಿ ಆ ಮಾತಿನ ತೂಕ ನನಗೆ ಗೊತ್ತಿತ್ತು. ಇನ್ನೇನೂ ಕೇಳದೆ ಪೆನ್ನು ಇಟ್ಟೆ. ಪತ್ರಗಳನ್ನು ವಾಪಸ್ ಕೊಡಿ ಎಂದೆ. ಎದುರಿಗಿದ್ದಾತ, ಮೇಲಿನ ಮಹಡಿಗೆ ಹೋಗಿವೆ, ಪೋಸ್ಟಿನಲ್ಲಿ ಕಳಿಸುತ್ತೇವೆ ಎಂದು ರಾಗ ಎಳೆದ.

ಅಜ್ಜಿ ಕೋಣೆಯಿಂದ ಹೊರಗೆ ಬಂದು, ಹಜಾರದ ಹೊಳೆಯುವ ನೆಲದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಚೀಲ ಬಿಚ್ಚಿ ಎಲೆ ಹರಡಿದಳು. “ನಿಧಾನಕ್ ತನ್ನಿ ಸಾ. ಎಲೆ ಅಡಿಕೆ ಬೇಕಾದಷ್ಟೈತೆ ನಂತಾವ. ಆಮೇಲ್ ಉಗಿಯಕ್ ಜಾಗ ತೋರ್ಸಿ, ಅಷ್ಟೇ ಸಾಕು.”

ಸೂಟಿನವರು ಓಡಾಡಿದ್ದೇನು, ಫೋನು ಮಾಡಿದ್ದೇನು! ನಾನು ಅವಳ ಪಕ್ಕದಲ್ಲಿ ಕೂತೆ. ಅಜ್ಜಿ ನನ್ನನ್ನು ನೋಡಿ, “ಇಂದ್ಗಡೆ ಗೇಟಲ್ಲಿ ಒಂದ್ ಮಗ ಕೂತೈತೆ, ಅದ್ನೂ ಕರ್ಕಂಬಾ,” ಎಂದಳು. ಹಿಂದಿನ ಬಾಗಿಲಿನಿಂದಲೇ ಕರೆತಂದೆ, ಆ ಹುಡುಗಿಯೂ ಬಂದು ಕೂತಳು. ಎರಡನೇ ಸುತ್ತಿನ ಎಲೆ ಮುಗಿಯುವ ಹೊತ್ತಿಗೆ ನನ್ನ ಫೈಲೂ ಬಂತು, ಅವಳ ಫೈಲೂ ಬಂತು.

ದೊಡ್ಡಪ್ಪ ಫೋನಿನಲ್ಲಿ ಕೂಗಾಡಿದರು, ನಮ್ಮ ಮರ್ಯಾದೆ ಕಳೆದೆ ಎಂದರು. ಅಪ್ಪ ಮೊದಲ ಬಾರಿಗೆ ಅಣ್ಣನಿಗೆ ಎದುರು ಮಾತಾಡಿದರು: “ಅವಳ ಕೆಲಸ, ಅವಳು ನೋಡ್ಕೋತಾಳೆ ಬಿಡಣ್ಣ.”

ಹಳೆಯ ಕಂಪನಿಯನ್ನೂ ಅಜ್ಜಿ ಸುಮ್ಮನೆ ಒಪ್ಪಲಿಲ್ಲ. ಬಿಟ್ಟು ಬಂದವರನ್ನು ಹುಡುಕು ಎಂದಳು. ಅವರಿವರನ್ನು ಕೇಳಿ ಒಬ್ಬರ ನಂಬರು ಹಿಡಿದೆ. ತಾಯಿಗೆ ಕಾಯಿಲೆಯೆಂದು ಕೆಲಸ ಬಿಟ್ಟ ಹೆಂಗಸು. ನಮ್ಮ ಜಗಲಿಯ ಮೇಲೆ ಸ್ಪೀಕರ್ ಹಾಕಿ ಅಜ್ಜಿಯೇ ಮಾತಾಡಿದಳು. “ಬುಟ್ಟು ಬರುವಾಗ ಏನಂದ್ರವ್ವ ಅವರು?” ಆ ಕಡೆಯಿಂದ ಉತ್ತರ ಬಂತು: “ತಾಯಿ ಹುಷಾರಾದ ಮೇಲೆ ಬನ್ನಿ ಅಂದ್ರು ಅಜ್ಜಿ.” ಅಜ್ಜಿ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಹಾಗೆ ನಾನು ಫ್ಯಾನ್ ವಿಮಾನದವಳಾದೆ.

ಕ್ಯಾಪ್ಟನ್ ಆದ ಮೊದಲ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನನಗೂ ಮೋಡ ಮುಚ್ಚಿತು. ಇಳಿಯಲಿಲ್ಲ, ವಾಪಸ್ ತಿರುಗಿಸಿದೆ. ಪ್ರಯಾಣಿಕರು ಬಾಯಿಗೆ ಬಂದಂತೆ ಬೈದರು. ಲೇಡಿ ಪೈಲಟ್ ಅಂದರೆ ಹಿಂಗೇ ಎಂದು ಒಬ್ಬ ನನಗೆ ಕೇಳಿಸುವಂತೆಯೇ ಹೇಳಿದ. ನಾನು ಆಫೀಸಿಗೆ ಹೋದೆ.

ಅದೇ ವಾರ ರಜೆ ಹಾಕಿ ಹಾಸನದ ಆಸ್ಪತ್ರೆಗೆ ಓಡಿದೆ. ಅಜ್ಜಿಗೆ ಉಸಿರಾಟ ಕಷ್ಟವಾಗಿತ್ತು. ಮಗಳು ನರ್ಸ್ ಬಟ್ಟೆಯಲ್ಲೇ ಪಕ್ಕದಲ್ಲಿ ಕೂತಿದ್ದಳು. ಎಲೆ ಅಡಿಕೆ ಬಿಡಿಸಿ ಎಷ್ಟೋ ದಿನವಾಗಿ ಆ ತೋರುಬೆರಳು ಬರೀ ಬೆರಳಾಗಿತ್ತು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ವಿಮಾನ ವಾಪಸ್ ತಿರುಗಿಸಿದ ಕತೆ ಹೇಳಿದೆ. ಅವಳು ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಸರಿಸಿದಳು.

“ಏನಂದ್ರು?”

“ಆಫೀಸಿನವರು ಏನೂ ಅನ್ನಲಿಲ್ಲ ಅಜ್ಜಿ. ಊಟ ಆಯ್ತಾ ಅಂದ್ರು.”

ಅವಳು ಕಣ್ಣು ಮುಚ್ಚಿದಳು. ತುಟಿ ಅರಳಿತು. “ಅಂಗಾರೆ ಒಳ್ಳೆ ಮನೆ ಕಣವ್ವ,” ಎಂದಳು. ಮಗಳು ಮಾಸ್ಕನ್ನು ಮತ್ತೆ ಹಾಕಿದಳು. ಎರಡು ದಿನ ಕಳೆದು ಅಜ್ಜಿ ಹೋದಳು. ಮುಂದೆ ನಿಂತು ಎಲ್ಲ ಕಾರ್ಯ ಮಾಡಿದವಳು ಆ ಮಗಳೇ. ಗಂಡನ ಮನೆ ಬಿಟ್ಟವಳು ಮಾಡಬಹುದಾ ಎಂದು ಗೊಣಗಿದವರು ಇದ್ದರು. ಅವರು ಅಲ್ಲೇ ಗೊಣಗುತ್ತ ನಿಂತರು, ನಾವು ನಡೆದೆವು.

ಈಗಲೂ ಹೊಸ ಹುಡುಗಿಯರು ಫೋನು ಮಾಡಿ ಯಾವ ಕಂಪನಿ ಸೇರಲಿ ಮೇಡಂ ಎಂದು ಕೇಳುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಹಿಂದಿನ ಗೇಟಿಗೆ ಹೋಗಿ ನೀರು ಕೇಳು ಎನ್ನುತ್ತೇನೆ. ಮೋಡ ಮುಚ್ಚಿದ ದಿನ ಪ್ರಯಾಣಿಕರಿಗೆ ಮೈಕಿನಲ್ಲಿ ಹೇಳಲು ನಮಗೊಂದು ಸಿದ್ಧ ವಾಕ್ಯವಿದೆ. ಅದು ‘ಕ್ಷಮಿಸಿ’ ಎಂದು ಶುರುವಾಗುತ್ತದೆ. ನಾನು ಆ ಪದ ಬಿಟ್ಟು ಉಳಿದದ್ದನ್ನು ಓದುತ್ತೇನೆ: ನಾವು ವಾಪಸ್ ಹೋಗುತ್ತಿದ್ದೇವೆ.