ಗಿಟಾರಿನ ಮೆಟ್ಟಿಲು ಕೀಳುವ ಮುನ್ನ

ಮದುವೆಗೆ ಒಪ್ಪಿಗೆ ಕೊಡುವುದಕ್ಕೆ ನಾನು ತೆಗೆದುಕೊಂಡ ಕಾಲ ಒಂದು ಲೋಟ ಕಾಫಿ ಕುಡಿಯುವಷ್ಟು. ಹುಡುಗಿ ಕಾಫಿ ತಂದಿಟ್ಟಳು, ನಾನು ಕುಡಿದೆ, ಲೋಟ ಕೆಳಗಿಟ್ಟು ಹೂಂ ಅಂದೆ. ಅದೇ ನಾನು, ಒಂದು ಗಿಟಾರಿನ ಕತ್ತಿನ ಮೇಲಿದ್ದ ಇಪ್ಪತ್ತು ಸಣ್ಣ ಕಂಬಿಗಳನ್ನು ಕೀಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಐದು ತಿಂಗಳು ಒದ್ದಾಡಿದೆ. ಇದನ್ನು ಯಾರ ಎದುರಿಗಾದರೂ ಹೇಳಿದರೆ ನನ್ನ ಹೆಂಡತಿ ಕಮಲ, ‘ನನ್ನ ವಿಷಯದಲ್ಲೂ ಹಾಗೇ ಯೋಚಿಸಿದ್ದಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು’ ಎಂದು ನಗುತ್ತಾಳೆ. ಅವಳು ನಗುತ್ತಲೇ ಹೇಳುತ್ತಾಳೆ ಎಂಬುದೊಂದೇ ಸಮಾಧಾನ.

ನಾನು ಅರಸೀಕೆರೆ ಸ್ಟೇಷನ್ನಿನ ಪಾರ್ಸಲ್ ಆಫೀಸಿನ ಗುಮಾಸ್ತ. ಕೊಬ್ಬರಿ ಮೂಟೆಗಳ ನಡುವೆ ಕೂತು ಕೂತು, ಮನೆಗೆ ಬಂದಾಗ ನನ್ನ ಮೈಯಿಂದ ಒಗ್ಗರಣೆಯ ವಾಸನೆ ಬರುವುದುಂಟು. ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಗಾರ್ಡ್ ಡೆನ್ನಿಸ್. ಆಂಗ್ಲೋ ಇಂಡಿಯನ್ ಮನುಷ್ಯ, ಆರಡಿ ಎತ್ತರ, ಕೆಂಪು ಮುಖ. ಕನ್ನಡ ಕಲಿತದ್ದು ಪೋರ್ಟರುಗಳಿಂದ. ಆದ್ದರಿಂದ ಬಹುವಚನ ಎಂಬುದೊಂದು ಇದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಸ್ಟೇಷನ್ ಮಾಸ್ಟರಿಗೂ ‘ಏನ್ಲಾ, ಊಟ ಆಯ್ತಾ?’ ಎಂದು ಕೇಳುತ್ತಿದ್ದರು. ಅವರು ಕೇಳುವ ರೀತಿಯಲ್ಲಿ ಎಷ್ಟು ಪ್ರೀತಿ ಇರುತ್ತಿತ್ತೆಂದರೆ ಮಾಸ್ಟರು ಆಯ್ತು ಎಂದು ವಿಧೇಯರಾಗಿ ಉತ್ತರ ಕೊಡುತ್ತಿದ್ದರು.

ಡೆನ್ನಿಸರ ಬಳಿ ಒಂದು ಬೇಸ್ ಗಿಟಾರು ಇತ್ತು. ಗಿಟಾರು ಅಂದರೆ ನೀವು ಸಿನಿಮಾದಲ್ಲಿ ನೋಡಿದ ಹೊಟ್ಟೆ ಟೊಳ್ಳಾದ ವಾದ್ಯವಲ್ಲ. ಇದು ಗಟ್ಟಿ ಮರದ ಹಲಗೆ, ಉದ್ದ ಕತ್ತು, ಹಗ್ಗದಷ್ಟು ದಪ್ಪದ ನಾಲ್ಕೇ ತಂತಿ. ಕತ್ತಿನ ಉದ್ದಕ್ಕೂ ಅಡ್ಡಡ್ಡಲಾಗಿ ಲೋಹದ ಕಂಬಿಗಳು. ವೀಣೆಯವರು ಮೆಟ್ಟಿಲು ಅನ್ನುತ್ತಾರಲ್ಲ, ಅದೇ. ಒಂದು ಮೆಟ್ಟಿಲಿನ ಹಿಂದೆ ಬೆರಳು ಒತ್ತಿದರೆ ಒಂದು ಸ್ವರ. ಅದು ಕರೆಂಟಿನ ವಾದ್ಯ. ವೈರು ಹಾಕಿ ಒಂದು ದೊಡ್ಡ ಪೆಟ್ಟಿಗೆಗೆ ಜೋಡಿಸಿದರೆ ಮಾತ್ರ ಗುಂಯ್ ಎನ್ನುತ್ತದೆ. ರೈಲ್ವೆಯವರ ನೃತ್ಯಕೂಟಗಳಲ್ಲಿ ಡೆನ್ನಿಸ್ ಅದನ್ನು ನುಡಿಸುತ್ತಿದ್ದರು. ಅವರು ಸಂಸಾರ ಸಮೇತ ಆಸ್ಟ್ರೇಲಿಯಕ್ಕೆ ಹೊರಟಾಗ ಪೆಟ್ಟಿಗೆ ಹುಬ್ಬಳ್ಳಿಯ ನೆಂಟರ ಮನೆಗೆ ಹೋಯಿತು, ಗಿಟಾರು ನನ್ನ ಮನೆಗೆ ಬಂತು. ‘ನೀನು ದಿನಾ ನನ್ನ ಜಗಲಿ ಕಡೆ ಕಿವಿ ಇಟ್ಕೊಂಡು ಕೂತಿದ್ದೆ, ಇಟ್ಕೋ ಬಾಬು’ ಅಂದರು. ನಾನು ಕಿವಿ ಇಟ್ಟುಕೊಂಡಿದ್ದು ನಿಜ. ಗೋಡೆ ಅಷ್ಟು ತೆಳುವಾಗಿತ್ತು, ಬೇರೆ ದಾರಿ ಇರಲಿಲ್ಲ. ಆದರೆ ಹೊರಡುವವರ ಎದುರಿಗೆ ಅದನ್ನೆಲ್ಲ ಹೇಳುತ್ತಾರೆಯೇ?

ಕಮಲ ಅದನ್ನು ಅಕ್ಕಿ ಡಬ್ಬದ ಪಕ್ಕ ಮೂಲೆಯಲ್ಲಿ ನಿಲ್ಲಿಸಿದಳು. ಮೂರು ವಾರ ಅದು ಮುನಿಸಿಕೊಂಡ ನೆಂಟನ ಹಾಗೆ ಗೋಡೆಗೆ ಒರಗಿ ನಿಂತಿತ್ತು. ಆಮೇಲೆ ರೇಡಿಯೊ ರಿಪೇರಿಯವನೊಬ್ಬ, ಗ್ರಾಮಾಫೋನಿಗೆಂದು ರೇಡಿಯೊದ ಹಿಂದೆ ಇರುವ ತೂತಿಗೆ ಇದರ ವೈರನ್ನೂ ಸಿಕ್ಕಿಸಬಹುದು ಎಂದು ಕಂಡುಹಿಡಿದ. ಸಿಕ್ಕಿಸಿ ನಾನು ಮೊದಲ ತಂತಿ ಮೀಟಿದೆ. ಅಡಿಗೆಮನೆಯ ಶೆಲ್ಫಿನ ಮೇಲಿದ್ದ ಲೋಟಗಳೆಲ್ಲ ಒಟ್ಟಿಗೆ ಕುಣಿದವು. ಆಚೆಮನೆಯ ಅಜ್ಜಿ ಹೊರಗೆ ಬಂದು, ಗೂಡ್ಸ್ ಗಾಡಿ ಇಷ್ಟು ಬೇಗ ಬಂತೇ ಎಂದು ಕೇಳಿದರು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಸಂಗೀತದ ಕುಟುಂಬಕ್ಕೆ ಅಳಿಯನಾಗಿ ಹೋದ ಸಂಗೀತವಿಲ್ಲದ ಮನುಷ್ಯನ ಸಂಕಟ ಅನುಭವಿಸಿದವರಿಗೇ ಗೊತ್ತು. ನನ್ನ ಮಾವನವರು ಬೇಲೂರಿನಲ್ಲಿ ಪಿಟೀಲು ವಿದ್ವಾಂಸರು. ದೇವಸ್ಥಾನದ ಸೇವೆಯಲ್ಲಿ ನುಡಿಸುತ್ತಾರೆ, ಮನೆಯಲ್ಲಿ ಪಾಠ ಹೇಳುತ್ತಾರೆ. ಸ್ವರ ಎಳ್ಳಷ್ಟು ಜಾರಿದರೂ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಶಿಷ್ಯ ತಾನಾಗಿ ನಿಲ್ಲಿಸುವ ತನಕ ಸುಮ್ಮನೆ ಕೂತಿರುತ್ತಾರೆ. ಬೈದಿದ್ದರೆ ವಾಸಿ ಎಂದು ಶಿಷ್ಯರು ಹೇಳುವುದನ್ನು ಕೇಳಿದ್ದೇನೆ. ಇನ್ನೊಬ್ಬ ಅಳಿಯ, ಎಂದರೆ ನನ್ನ ಷಡ್ಡಕ, ಮೃದಂಗ ನುಡಿಸುತ್ತಾನೆ. ಹಬ್ಬಕ್ಕೆ ಹೋದಾಗ ಅವರಿಬ್ಬರೂ ಕಛೇರಿಗೆ ಕೂತರೆ ಜಮಖಾನ ಹಾಸುವ ಕೆಲಸ ನನ್ನದು. ಮಾವನವರ ಷಷ್ಟ್ಯಬ್ದಿ ಆ ವರ್ಷವೇ ಬರಲಿತ್ತು. ಹಿಂದಿನ ಹಬ್ಬದಲ್ಲಿ, ಹೋಳಿಗೆ ತುಪ್ಪದ ಧೈರ್ಯದಲ್ಲಿ, ಷಷ್ಟ್ಯಬ್ದಿಗೆ ನಾನೂ ನುಡಿಸುತ್ತೇನೆ ಎಂದು ಎಲ್ಲರೆದುರಿಗೆ ಹೇಳಿಬಿಟ್ಟಿದ್ದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಕಮಲ ನಾಲ್ಕು ವರ್ಷ ವೀಣೆ ಕಲಿತವಳು. ಅವಳೇ ನನಗೆ ಗುರು. ಮೋಹನ ರಾಗ ಒಂದು ತಿಂಗಳಲ್ಲಿ ಸುಮಾರಾಗಿ ಬಂತು. ಅದು ನೆಟ್ಟಗೆ ನಡೆಯುವ ರಾಗ. ಪಾಠ ತೋಡಿಗೆ ಬಂದಾಗ ತೊಂದರೆ ಶುರುವಾಯಿತು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ, ತೊಟ್ಟಿಲಿನ ಹಾಗೆ ತೂಗುತ್ತಿರಬೇಕು. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಆ ತೂಗಾಟ ತರುತ್ತಾರೆ. ನನ್ನ ಗಿಟಾರಿನ ತಂತಿ ಎಳೆಯಲು ಹೋದರೆ ತಂತಿ ಮಿಸುಕಲಿಲ್ಲ, ನನ್ನ ಬೆರಳೇ ಬೊಬ್ಬೆ ಎದ್ದಿತು. ಎಳೆಯದೆ ನುಡಿಸಿದರೆ ತೋಡಿ ನಮ್ಮ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತುವ ಭಕ್ತರ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿ, ನಿಂತು, ಉಸಿರು ಬಿಟ್ಟು, ಮತ್ತೆ ಹತ್ತುತ್ತಿತ್ತು. ‘ಇದರಲ್ಲಿ ಭಕ್ತಿ ಇದೆ, ರಾಗ ಇಲ್ಲ’ ಅಂದಳು ಕಮಲ.

ಆಗ ಹೊಳೆದ ಯೋಚನೆಯೇ ಮೆಟ್ಟಿಲು ಕೀಳಿಸುವುದು. ಪಿಟೀಲಿಗೆ ಮೆಟ್ಟಿಲು ಎಲ್ಲಿದೆ? ಗೋಟುವಾದ್ಯವೆಂದರೆ ಮೆಟ್ಟಿಲಿಲ್ಲದ ವೀಣೆಯೇ ತಾನೇ? ಅದರ ಮೇಲೆ ಮರದ ತುಂಡು ಜಾರಿಸಿ ವಿದ್ವಾಂಸರು ಸ್ವರಕ್ಕೂ ಸ್ವರಕ್ಕೂ ನಡುವೆ ಇರುವ ಬಯಲಲ್ಲೆಲ್ಲ ಓಡಾಡುತ್ತಾರೆ. ಆ ಬಯಲು ನನಗೂ ಬೇಕು ಅನ್ನಿಸಿತು. ಆದರೆ ವೀಣೆಯ ಮೆಟ್ಟಿಲು ಕೂತಿರುವುದು ಮೇಣದ ಮೇಲೆ. ಬೇಡವೆಂದರೆ ತೆಗೆದು, ಬೇಕೆಂದರೆ ಮತ್ತೆ ಕೂರಿಸಬಹುದು. ಗಿಟಾರಿನದು ಮರ ಸೀಳಿ ಬಡಿದದ್ದು. ಕಿತ್ತರೆ ಕಿತ್ತಂತೆ. ಈ ಒಂದು ಮಾತೇ ನನ್ನ ಕೈ ಕಟ್ಟಿಹಾಕಿತು. ಸ್ಟೇಷನ್ ಮಾಸ್ಟರನ್ನು ಕೇಳಿದೆ. ಸ್ಲೀಪರ್ ಕಿತ್ತ ಹಳಿಯ ಮೇಲೆ ತಾವಂತೂ ಗಾಡಿಗೆ ಹಸಿರು ಬಾವುಟ ತೋರಿಸುವುದಿಲ್ಲ ಎಂದು ಹೇಳಿ ಅವರು ಕಾಫಿಗೆ ಎದ್ದರು.

ಕೊನೆಗೆ ಹಳೇಬೀಡಿನ ರುದ್ರಾಚಾರಿ ನೆನಪಾದ. ಕೆತ್ತನೆಯ ಬಾಗಿಲುಗಳನ್ನು ಮಾಡಿ ನಮ್ಮ ಪಾರ್ಸಲ್ ಆಫೀಸಿನ ಮೂಲಕ ದೂರದೂರಿಗೆ ಕಳಿಸುವ ಬಡಗಿ. ಮರ ಅವನ ಮಾತು ಕೇಳುತ್ತದೆ. ಒಂದು ಭಾನುವಾರ ಗಿಟಾರನ್ನು ಹಳೆಯ ಜಮಖಾನದಲ್ಲಿ ಸುತ್ತಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಮುದುಕರು ಅದನ್ನು ಬಹಳ ಹೊತ್ತು ನೋಡಿ, ಕೋವಿಯೇ ಎಂದು ಮೆಲ್ಲಗೆ ಕೇಳಿದರು. ವಾದ್ಯ ಅಂದೆ. ಅವರು ಅದಕ್ಕೇ ಹೆಚ್ಚು ಹೆದರಿದಂತೆ ಕಂಡರು.

ರುದ್ರಾಚಾರಿ ಗಿಟಾರನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಕತ್ತಿನ ಮೇಲೆ ಹೆಬ್ಬೆರಳು ಓಡಿಸಿದ. ಮೂರನೆಯ ಮೆಟ್ಟಿಲಿಗೆ ಬಂದು ಬೆರಳು ನಿಂತಿತು, ಆಮೇಲೆ ಐದನೆಯದರಲ್ಲಿ. ಬಗ್ಗಿ ನೋಡಿದೆ. ಆ ಎರಡು ಕಂಬಿಗಳು ತಂತಿ ಒತ್ತಿ ಒತ್ತಿ ಸವೆದು ಹಳ್ಳ ಬಿದ್ದಿದ್ದವು. ಇಷ್ಟು ದಿನ ಮನೆಯಲ್ಲಿಟ್ಟುಕೊಂಡೂ ನಾನು ಅದನ್ನು ಕಂಡಿರಲಿಲ್ಲ.

‘ಇಲ್ಯಾರೋ ಬಾಳ ಕಾಲ ನಿಂತ್ಕಂಡವ್ರೆ ಸ್ವಾಮಿ,’ ಅಂದ ರುದ್ರಾಚಾರಿ. ‘ಕೀಳೋದು ನಂಗೆ ಒಂದು ಗಂಟೆ ಕೆಲಸ. ಆದ್ರೆ ಇದು ಹೋಗ್ಬಿಡ್ತದೆ. ನೋಡ್ಕಳಿ.’

ನನಗೆ ಡೆನ್ನಿಸ್ ಅವರ ದಪ್ಪ ಬೆರಳುಗಳು ಕಣ್ಣಿಗೆ ಕಟ್ಟಿದವು. ಸಾಯಂಕಾಲ ಜಗಲಿಯಲ್ಲಿ ಕೂತು, ಕಾಲಲ್ಲಿ ತಾಳ ಹಾಕುತ್ತ, ನುಡಿಸಿದ್ದನ್ನೇ ನುಡಿಸುತ್ತಿದ್ದುದು ನೆನಪಾಯಿತು. ಸಮುದ್ರದಾಚೆ ಹೋದ ಸ್ನೇಹಿತನ ಕೈಗುರುತನ್ನು ತೋಡಿಯ ಗಾಂಧಾರಕ್ಕಾಗಿ ಕಿತ್ತೆಸೆಯುವುದೇ? ಬೇಡ ಎಂದು ಜಮಖಾನ ಸುತ್ತಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಮನೆಯ ಕಡೆ ಬಸ್ಸು ಹಿಡಿಯುವ ಬದಲು ಬೇಲೂರಿನ ಬಸ್ಸು ಹಿಡಿದು ನೇರ ಮಾವನವರ ಎದುರಿಗೆ ಹೋಗಿ ಕೂತೆ.

ಮಾವನವರು ಎಲ್ಲವನ್ನೂ ಕೇಳಿದರು. ತಮ್ಮ ಪಿಟೀಲನ್ನು ನನ್ನ ಕೈಗಿಟ್ಟು, ಪಂಚಮ ಎಲ್ಲಿದೆ ಹುಡುಕಿ ಎಂದರು. ಮೊದಲ ಸಲ ಕಮಾನು ಹಿಡಿದ ನಾನು, ಕಣ್ಣ ಮೇಲೇ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುವವನ ಹಾಗೆ ತಂತಿಯ ಮೇಲೆ ಕೆಳಗೆ ತಡಕಾಡಿದೆ. ಒಳಗಿನಿಂದ ಅತ್ತೆಯವರು ಬಂದು ಇಣುಕಿ ನೋಡಿ ಹೋದರು. ಮಾವನವರು ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೂತಿದ್ದರು. ನಾನೇ ನಿಲ್ಲಿಸಿದೆ.

‘ಅಳಿಯಂದಿರೇ,’ ಅಂದರು, ‘ಮೆಟ್ಟಿಲು ಕಿತ್ತರೆ ತಪ್ಪು ಮಾಡೋ ಸ್ವಾತಂತ್ರ್ಯ ಅವತ್ತೇ ಬಂದುಬಿಡುತ್ತೆ. ಸರಿ ಮಾಡೋ ವಿದ್ಯೆ ಬರೋದಕ್ಕೆ ನನಗೆ ಹನ್ನೆರಡು ವರ್ಷ ಹಿಡೀತು. ಕೀಳಿಸಿ ಅಂತಲೂ ಹೇಳೋಲ್ಲ, ಬೇಡ ಅಂತಲೂ ಹೇಳೋಲ್ಲ. ಕೊಟ್ಟವರನ್ನ ಒಂದು ಮಾತು ಕೇಳಿ.’

ಅದು ಸರಿ ಅನ್ನಿಸಿತು. ಡೆನ್ನಿಸ್ ಅವರಿಗೆ ಕಾಗದ ಬರೆದೆ. ಅವರು ಆ ಮೆಟ್ಟಿಲುಗಳ ಮೇಲೆ ಬಿಟ್ಟುಹೋದ ಗುರುತುಗಳ ಬಗ್ಗೆ, ಸ್ನೇಹದ ಬಗ್ಗೆ, ಸಂಗೀತಕ್ಕೆ ಸಮುದ್ರಗಳು ಅಡ್ಡಿಯಲ್ಲ ಎಂಬುದರ ಬಗ್ಗೆ ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಎರಡು ಹಾಳೆ ತುಂಬಿಸಿದೆ. ಬರೆಯುತ್ತ ಬರೆಯುತ್ತ ನನ್ನ ಕಣ್ಣೇ ಒದ್ದೆಯಾಯಿತು. ಎರಡು ತಿಂಗಳಿಗೆ ಉತ್ತರ ಬಂತು. ಅಲ್ಲಿಯೂ ರೈಲ್ವೆಯಲ್ಲೇ ಕೆಲಸ ಸಿಕ್ಕಿದೆ, ಹೆಂಡತಿ ಆರೋಗ್ಯವಾಗಿದ್ದಾಳೆ, ಅರಸೀಕೆರೆಯ ಎಳನೀರು ದಿನಾ ನೆನಪಾಗುತ್ತದೆ ಎಂದೆಲ್ಲ ಬರೆದು, ಕೊನೆಯಲ್ಲಿ ಗಿಟಾರಿನ ವಿಷಯ ಎತ್ತಿದ್ದರು. ಅದನ್ನು ಅವರು ಹುಬ್ಬಳ್ಳಿಯಲ್ಲಿ ಯಾರೋ ಅಪರಿಚಿತನ ಕೈಯಿಂದ ಕೊಂಡಾಗಲೇ ಆ ಹಳ್ಳಗಳು ಇದ್ದವಂತೆ. ಅವುಗಳಿಂದ ಮೂರನೆಯ ಮೆಟ್ಟಿಲು ಸದಾ ಕಿರಗುಟ್ಟಿ ಅವರಿಗೆ ತಲೆನೋವಾಗಿತ್ತಂತೆ. ಕಿತ್ತುಹಾಕಿದರೆ ಪುಣ್ಯ ಬರುತ್ತದೆ ಎಂದಿದ್ದರು.

ಕಮಲ ಆ ಕಾಗದ ಓದಿಸಿಕೊಂಡು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಅಷ್ಟೊಂದು ಕಣ್ಣೀರು ಸುರಿಸಿದ್ದು ಹುಬ್ಬಳ್ಳಿಯ ಯಾವನೋ ಗೊತ್ತಿಲ್ಲದವನ ಬೆರಳಿಗೆ! ಮನುಷ್ಯನ ಭಾವನೆಗಳು ನಮ್ಮ ಪಾರ್ಸಲ್ಲುಗಳ ಹಾಗೆಯೇ. ವಿಳಾಸ ತಪ್ಪಿದರೂ ಎಲ್ಲೋ ಒಂದು ಕಡೆ ಹೋಗಿ ಮುಟ್ಟುತ್ತವೆ. ಆಮೇಲೆ ಯೋಚಿಸಿದೆ: ಆ ಹುಬ್ಬಳ್ಳಿಯವನೂ ಯಾವುದೋ ಎರಡು ಸ್ವರಗಳನ್ನು ಅಷ್ಟು ಕಾಲ ಹಿಡಿದು ಕೂತಿದ್ದನಲ್ಲ, ಕಣ್ಣೀರು ಪೂರ್ತಿ ದಂಡವಾಗಲಿಲ್ಲ.

ಇಷ್ಟಾದ ಮೇಲೆ ತೀರ್ಮಾನ ನನ್ನೊಬ್ಬನದೇ ಆಯಿತು, ಹೊಣೆ ಹೊರಿಸಿ ತಪ್ಪಿಸಿಕೊಳ್ಳಲು ಯಾರೂ ಉಳಿಯಲಿಲ್ಲ. ಇನ್ನೊಂದು ವಾರ ಹಿಂದೆ ಮುಂದೆ ನೋಡಿ, ಮುಂದಿನ ಭಾನುವಾರ ಹಳೇಬೀಡಿಗೆ ಹೋಗಿ ಕೀಳಪ್ಪಾ ಎಂದೆ. ರುದ್ರಾಚಾರಿ ಕಬ್ಬಿಣ ಕಾಯಿಸಿ ಒಂದೊಂದೇ ಕಂಬಿಗೆ ಮುಟ್ಟಿಸಿ, ಮರ ಏಳದ ಹಾಗೆ ಇಕ್ಕುಳದಿಂದ ಮೆಲ್ಲಗೆ ಎತ್ತಿದ. ಮುಳ್ಳು ತೆಗೆಸಿಕೊಳ್ಳುವ ಮಗುವಿನ ಹತ್ತಿರ ಕೂತ ತಾಯಿಯ ಹಾಗೆ ನಾನು ಪಕ್ಕದಲ್ಲಿ ಮುಖ ಕಿವಿಚಿಕೊಂಡು ಕೂತಿದ್ದೆ. ಖಾಲಿಯಾದ ಸೀಳುಗಳಿಗೆ ಅವನು ಹಲಸಿನ ಮರದ ತೆಳು ಚಕ್ಕೆ ಕೂರಿಸಿ ಉಜ್ಜಿದ. ಕಪ್ಪು ಮರದ ಮೇಲೆ ಇಪ್ಪತ್ತು ಹಳದಿ ಗೆರೆ. ‘ದಾರಿ ತಪ್ದಂಗೆ ಗುರ್ತು ಇರ್ಲಿ,’ ಅಂದ.

ಗೆರೆಯೇನೋ ಇತ್ತು. ಆದರೆ ಗೆರೆಯನ್ನು ನೋಡುತ್ತ ನುಡಿಸಿದರೆ ರಾಗ ಓಡಿಹೋಗುತ್ತಿತ್ತು, ರಾಗದ ಹಿಂದೆ ಹೋದರೆ ಗೆರೆ ತಪ್ಪುತ್ತಿತ್ತು. ಮನೆಯಲ್ಲಿ ಎರಡು ತಿಂಗಳು ಕಮಲಳ ತಾಳ್ಮೆ ಪರೀಕ್ಷೆಯಾಯಿತು. ಹತ್ತರಲ್ಲಿ ಎಂಟು ಸಲ ಗಾಂಧಾರ ಕೆಳಗೇ ಕೂತಿರುತ್ತಿತ್ತು. ಉಳಿದ ಎರಡು ಸಲ ಮಾತ್ರ ಅದು ನಿಜವಾಗಿ ತೂಗುತ್ತಿತ್ತು. ಆ ಎರಡು ಸಲ ಒಳಗೆ ಒಗ್ಗರಣೆ ಹಾಕುತ್ತಿದ್ದ ಕಮಲ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಕಂಬಿಗಳು ಇದ್ದಷ್ಟು ದಿನ ಅವಳು ಒಮ್ಮೆಯೂ ಹಾಗೆ ಬಂದಿರಲಿಲ್ಲ.

ಷಷ್ಟ್ಯಬ್ದಿಯ ದಿನ ಬೇಲೂರಿನ ಮನೆಯ ಮುಂದೆ ಚಪ್ಪರ, ಹೋಮ, ಊಟ ಎಲ್ಲ ಮುಗಿದು ಮಧ್ಯಾಹ್ನ ಕಛೇರಿ. ಮೈಕ್ ಸೆಟ್ಟಿನವನು ನನ್ನ ವೈರನ್ನು ತನ್ನ ಪೆಟ್ಟಿಗೆಗೆ ಸಿಕ್ಕಿಸಿಕೊಟ್ಟ. ಷಡ್ಡಕ ಮೃದಂಗಕ್ಕೆ ಕೂತ. ರೇಷ್ಮೆ ಪಂಚೆಯುಟ್ಟ ಮಾವನವರು ಪಿಟೀಲು ಹಿಡಿದು, ಮೊದಲು ನೀವು ಎಂದು ನನಗೆ ಕೈ ತೋರಿಸಿದರು. ಅಷ್ಟು ಜನರ ನಡುವೆ ನಾನು ತೋಡಿ ತೆಗೆದೆ. ಷಡ್ಜ ಸರಿಯಾಗಿ ಬಂತು. ರಿಷಭವೂ ಬಂತು. ಗಾಂಧಾರಕ್ಕೆ ಜಾರಿದ ಬೆರಳು ಬೆವರಿ, ಬೇಕಾದ ಜಾಗಕ್ಕಿಂತ ಕೆಳಗೇ ನಿಂತುಬಿಟ್ಟಿತು. ಮೈಕು ಅದನ್ನು ಬೀದಿಯ ಕೊನೆಯ ತನಕ ಸಾರಿತು. ನನಗೆ ಮೇಲಕ್ಕೂ ಹೋಗಲು ಧೈರ್ಯವಿಲ್ಲ, ಬಿಡಲೂ ಧೈರ್ಯವಿಲ್ಲ. ಮಾವನವರು ಈಗ ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಾರೆ ಎಂದು ಅವರ ಕಡೆ ನೋಡಿದೆ.

ಅವರು ತಲೆ ತಗ್ಗಿಸಲಿಲ್ಲ. ನನ್ನನ್ನೇ ನೋಡುತ್ತ ಕಮಾನು ಎತ್ತಿದರು. ಅರವತ್ತು ವರ್ಷದ ಆ ಬೆರಳು ಸರಿಯಾದ ಗಾಂಧಾರವನ್ನು ಬಿಟ್ಟು, ಕೂದಲೆಳೆಯಷ್ಟು ಕೆಳಗಿಳಿದು, ನಾನು ಸಿಕ್ಕಿಬಿದ್ದಿದ್ದ ಜಾಗಕ್ಕೇ ಬಂದು ನನ್ನ ಸ್ವರದ ಪಕ್ಕದಲ್ಲಿ ಕೂತಿತು. ಒಂದು ಕ್ಷಣ ಇಬ್ಬರೂ ಆ ತಪ್ಪು ಜಾಗದಲ್ಲಿ ಒಟ್ಟಿಗಿದ್ದೆವು. ಅದು ತಪ್ಪು ಎಂದು ಯಾರಿಗೂ ಅನ್ನಿಸಲಿಲ್ಲ. ಆಮೇಲೆ ಅವರು ಮೆಲ್ಲಗೆ ತೂಗುತ್ತ ಮೇಲಕ್ಕೆ ಹೊರಟರು, ನನ್ನ ಬೆರಳೂ ಅವರ ಜೊತೆ ಹೊರಟಿತು. ಎಲ್ಲಿ ಸೇರಬೇಕೋ ಅಲ್ಲಿ ಸೇರಿದೆವು. ಮೃದಂಗ ಶುರುವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಜಮಖಾನ ಸುತ್ತಿದ ಗಿಟಾರನ್ನು ಕಮಲ ಹಿಡಿದುಕೊಂಡಿದ್ದಳು. ಹುಲಿಕೆರೆಯ ಕಡೆಯ ತಿರುವು ದಾಟಿದ ಮೇಲೆ, ‘ಅಪ್ಪ ಯಾರಿಗೋಸ್ಕರವೂ ಹಾಗೆ ಇಳಿದು ಬಂದದ್ದನ್ನ ನಾನು ನೋಡಿರಲಿಲ್ಲ ಕಣ್ರೀ,’ ಅಂದಳು.

ಅದು ನನ್ನ ಮೇಲಿನ ಗೌರವವೋ ಅಯ್ಯೋ ಪಾಪವೋ ಎಂದು ನಾನು ಕೇಳಲು ಹೋಗಲಿಲ್ಲ. ಇಳಿದು ಬರುವುದಕ್ಕೆ ಜಾಗವಿತ್ತು, ಅವರು ಬಂದರು. ಸಂಬಂಧಗಳಲ್ಲಿ ಇದಕ್ಕಿಂತ ಹೆಚ್ಚಿನ ಶ್ರುತಿಶುದ್ಧಿಯನ್ನು ಬಯಸುವುದು ವಿದ್ವಾಂಸರಿಗೆ ಬಿಟ್ಟ ವಿಷಯ.