ಎಲ್ಲರೂ ಉಲ್ಲೇಖಿಸಿದ ನನ್ನ ಲೇಖನ

ಎಂಬತ್ತರ ದಶಕದ ನಡುವಿನ ಮಾತು. ಲೆಕ್ಚರರ್‌ಗಿಂತ ಒಂದು ಮೆಟ್ಟಿಲು ಮೇಲಿನ ರೀಡರ್ ಹುದ್ದೆಯ ಸಂದರ್ಶನಕ್ಕೆ ಪ್ರಕಟಣೆಗಳ ಪಟ್ಟಿ ಕೊಡಬೇಕೆಂದಾಗ ನಾನೇನೂ ಹೆದರಲಿಲ್ಲ. ಶಿಕ್ಷಣ ಮನೋವಿಜ್ಞಾನದಲ್ಲಿ ಒಂಬತ್ತು ಲೇಖನ ಬರೆದಿದ್ದೆ. ಹೆದರಿಸಿದ್ದು ಅರ್ಜಿಯ ಮುಂದಿನ ಸಾಲು. ಆ ಲೇಖನಗಳನ್ನು ಬೇರೆ ಸಂಶೋಧಕರು ಎಲ್ಲೆಲ್ಲಿ ಉಲ್ಲೇಖಿಸಿದ್ದಾರೆಂದೂ ತೋರಿಸಬೇಕಿತ್ತು. ನಮ್ಮ ಕಾಲೇಜಿನಲ್ಲಿ ಯಾರು ಯಾರನ್ನು ಬೈದರೆಂಬುದು ಎಲ್ಲರಿಗೂ ಬಾಯಿಪಾಠ, ಯಾರು ಯಾರನ್ನು ಉಲ್ಲೇಖಿಸಿದರೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ.

ಆರ್.ಟಿ. ನಗರದ ಮನೆಯಿಂದ ಎರಡು ಬಸ್ಸು ಹತ್ತಿ ಇಳಿದು ಯಶವಂತಪುರದ ಕಡೆಯ ಒಂದು ದೊಡ್ಡ ಲೈಬ್ರರಿಗೆ ಹೋದೆ. ಉಲ್ಲೇಖಗಳನ್ನೇ ಪಟ್ಟಿ ಮಾಡುವ ದಪ್ಪ ಸಂಪುಟಗಳು ಅಲ್ಲಿದ್ದವು. ಇರುವೆ ಸಾಲಿನಂಥ ಅಕ್ಷರ. ಭೂತಗನ್ನಡಿ ಹಿಡಿದು ಎರಡು ದಿನ ಹುಡುಕಿದೆ. ಎಂಟು ಲೇಖನಗಳನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಒಂಬತ್ತನೆಯದರ ಕೆಳಗೆ ಮಾತ್ರ ಹೆಸರುಗಳೋ ಹೆಸರುಗಳು, ಕೆನಡಾದವರೂ ಇದ್ದರು. ಕುರ್ಚಿಯಿಂದ ಎದ್ದೇಬಿಟ್ಟೆ. ಈ ಒಂದು ಲೇಖನ ಇದ್ದರೆ ನಾನು ರೀಡರ್, ಇಲ್ಲದಿದ್ದರೆ ಇದ್ದಲ್ಲೇ ಲೆಕ್ಚರರ್.

ಅದು ಎಪ್ಪತ್ತರ ದಶಕದ ಕೊನೆಯಲ್ಲಿ ಯಲಹಂಕದಾಚೆಯ ಒಂದು ಹಳ್ಳಿ ಶಾಲೆಯಲ್ಲಿ ಮಾಡಿದ ಕೆಲಸ. ಮಳೆಗಾಲದಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಹೆಸರಿನ ಬದಲು ನಂಬರ್ ಚೀಟಿ ಹಂಚಿಸಿ ಓದಿನ ಪರೀಕ್ಷೆ ಕೊಟ್ಟೆ. ಆಮೇಲೆ ಮೇಷ್ಟ್ರು ದಿನಾ ಅರ್ಧ ಗಂಟೆ ಕಥೆ ಹೇಳಿದರು. ಚಳಿಗಾಲದಲ್ಲಿ ಮತ್ತೆ ಪರೀಕ್ಷೆ. ಮಕ್ಕಳು ಅಂಕದಲ್ಲಿ ಜಿಗಿದುಬಿಟ್ಟಿದ್ದರು. ಕಥೆ ಕೇಳಿದ ಮಕ್ಕಳು ಬೇಗ ಓದಲು ಕಲಿಯುತ್ತಾರೆಂದು ಬರೆದೆ, ವಿದೇಶದ ಪತ್ರಿಕೆಯೇ ಅಚ್ಚು ಹಾಕಿತು.

ಕೆಲಸ ಅಲ್ಲೇ ನಡೆಯಿತೆಂದು ಅರ್ಜಿಯ ಜೊತೆ ಶಾಲೆಯದೊಂದು ಪತ್ರ ಬೇಕಿತ್ತು. ಹುಣಸಮಾರನಹಳ್ಳಿ ದಾಟಿ ಬಸ್ಸಿಳಿದು ನಡೆದೆ. ಅದೇ ಮೇಷ್ಟ್ರು, ನಿವೃತ್ತಿಯ ಅಂಚಿನಲ್ಲಿದ್ದರು. ಮಜ್ಜಿಗೆ ತರಿಸಿದರು. ನನಗೋ ಜಂಬ ತಡೆಯಲಾಗಲಿಲ್ಲ.

"ನಿಮ್ಮ ಮಕ್ಕಳ ವಿಷಯ ಕೆನಡಾವರೆಗೂ ಹೋಗಿದೆ ಮೇಷ್ಟ್ರೇ," ಎಂದೆ.

ಅವರ ಮುಖ ಅರಳಿತು. "ನಾವೂ ಕಮ್ಮಿ ಕಷ್ಟ ಬಿದ್ದಿಲ್ಲ ಮೇಡಂ. ನೀವು ಎರಡ್ನೇ ಸಲ ಬಂದಾಗ ರಾಗಿ ಕುಯ್ಲು. ಅರ್ಧಕ್ಕರ್ಧ ಮಕ್ಳು ಹೊಲದಾಗಿದ್ರು. ಬೆಂಗ್ಳೂರಿಂದ ಬಂದೋರ ಮುಂದೆ ಕ್ಲಾಸು ಖಾಲಿ ಹೊಡೆದ್ರೆ ಸ್ಕೂಲಿನ ಮಾನ ಏನಾಗ್ಬೇಕು? ಐದನೇ ಕ್ಲಾಸಿಂದ ಕರ್ಕೊಂಡ್ಬಂದು ಕೂರಿಸ್ದೆ."

"ಕೂರಿಸಿದ್ರಾ? ಯಾರ ಜಾಗದಲ್ಲಿ?"

"ಬರ್ದೇ ಇದ್ದೋರ ಜಾಗದಲ್ಲೇ. ಇನ್‌ಸ್ಪೆಕ್ಟ್ರು ಬಂದಾಗ್ಲೂ ಇಂಗೇ ಅಲ್ವಾ ಮಾಡೋದು? ನಿಮ್ ನಂಬರ್ ಚೀಟಿ ಒಂದೂ ತಪ್ಪಿಲ್ಲ, ನಾನೇ ನಿಂತು ಹಂಚಿದ್ದು."

ಜಿಗಿದದ್ದು ಮೂರನೇ ತರಗತಿಯ ಮಕ್ಕಳಲ್ಲ, ಅವರ ಅಣ್ಣ ಅಕ್ಕಂದಿರು! ಕೈಯಲ್ಲಿದ್ದ ಮಜ್ಜಿಗೆ ಸೀರೆಯ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ. ನಾನು ಕೂಗಾಡಿದೆ. ವಯಸ್ಸಾದ ಮನುಷ್ಯನ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದೆ. ಅವರು ಪಾಪ, ನನಗಿಂತ ಹೆಚ್ಚು ದಂಗಾಗಿದ್ದರು.

"ನಿಮ್ಗೂ ಗೊತ್ತು ಅಂದ್ಕೊಂಡಿದ್ದೆ ಮೇಡಂ. ಮಕ್ಳು ಎದುರಿಗೇ ಕೂತಿದ್ರಲ್ಲ. ಒಬ್ರ ಮುಖಾನೂ ನೋಡ್ಲಿಲ್ವಾ?"

ನೋಡಿರಲಿಲ್ಲ. ಒಂದು ಗೇಣು ಹೆಚ್ಚು ಎತ್ತರವಿದ್ದ ಮಕ್ಕಳು ಕಣ್ಣೆದುರು ಕೂತಿದ್ದಾಗ ನಾನು ಗಡಿಯಾರ ನೋಡುತ್ತಿದ್ದೆ. ನನ್ನ ಹಾಳೆಯಲ್ಲಿ ಅವರೆಲ್ಲ ಬರೀ ನಂಬರುಗಳು. ವಾಪಸ್ಸು ಬರುವಾಗ ಬಸ್ಸು ಹೆಬ್ಬಾಳ ದಾಟಿದ್ದೂ ತಿಳಿಯದೆ, ನಮ್ಮ ಸ್ಟಾಪು ಬಿಟ್ಟು ಎಲ್ಲೋ ಇಳಿದೆ.

ಮೂರು ದಿನ ಒದ್ದಾಡಿದೆ. ಕೊನೆಗೆ ಲೇಖನವನ್ನು ಪಟ್ಟಿಯಿಂದ ಹೊಡೆದುಹಾಕಿ, ನಡೆದದ್ದನ್ನು ಅದನ್ನು ಅಚ್ಚು ಹಾಕಿದ್ದ ಪತ್ರಿಕೆಗೆ ಬರೆದು ಕಳಿಸಿದೆ. ಎಷ್ಟೋ ತಿಂಗಳ ಮೇಲೆ ಅವರದನ್ನು ಕೊನೆಯ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಮಾಡಿ ಹಾಕಿದರು. ರೀಡರ್ ಹುದ್ದೆ ನನಗಿಂತ ಚಿಕ್ಕವನಾದ ಸಹೋದ್ಯೋಗಿಗೆ ಹೋಯಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ನನ್ನ ತಪ್ಪಿನ ವಿಷಯ ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ, ನಾಚಿಕೆ.

ಎರಡು ವರ್ಷದ ನಂತರ ಅದೇ ಲೈಬ್ರರಿಗೆ ಹೋಗಿ ಹೊಸ ಸಂಪುಟ ತೆಗೆದೆ. ತಿದ್ದುಪಡಿಯನ್ನು ಒಬ್ಬರೂ ಉಲ್ಲೇಖಿಸಿರಲಿಲ್ಲ. ಸತ್ತಿದೆ ಎಂದುಕೊಂಡಿದ್ದ ಲೇಖನದ ಕೆಳಗೆ ಮಾತ್ರ ಹೆಸರುಗಳು ಇನ್ನೂ ಬೆಳೆದಿದ್ದವು. ಅವುಗಳಲ್ಲೊಂದು ನಮ್ಮ ಹೊಸ ರೀಡರ್‌ನದು! ಭೂತಗನ್ನಡಿ ಒರೆಸಿ ಮತ್ತೆ ಓದಿದೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅವನನ್ನು ಹಿಡಿದೆ. "ನನ್ನ ಆ ಲೇಖನ ಓದಿದ್ದೀಯೇನಪ್ಪಾ?"

ಅವನು ನಕ್ಕ. "ನಿಜ ಹೇಳ್ಬೇಕಂದ್ರೆ ಇಲ್ಲ ಮೇಡಂ. ಎಲ್ರೂ ಹಾಕಿದ್ರು, ನಾನೂ ಹಾಕ್ದೆ. ಯಾರು ಬಿಚ್ಚಿ ನೋಡ್ತಾರೆ?"

ಬೈಯಲು ನನಗೇನು ಹಕ್ಕು? ಒಂದು ಮಗುವಿನ ಮುಖವನ್ನೂ ನೋಡದೆ ನಾನು ಮಾಡಿದ್ದೂ ಅದನ್ನೇ.