ತಡವರಿಯದ ಕಂಪ್ಯೂಟರು

ರಾಯಬಾಗ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕಾಯುವ ರಾಜೇಸಾಬರು ಕಂಪ್ಯೂಟರುಗಳನ್ನೂ ಮನುಷ್ಯರಂತೆ ಸ್ವಭಾವ ನೋಡಿ ಅಳೆಯುತ್ತಾರೆ. ಕಚೇರಿಯದು ಪತ್ರ ಬರೆಯುತ್ತದೆ, ಇಸ್ಪೀಟೂ ಆಡುತ್ತದೆ, ನಡುವೆ ಮರಳುಗಡಿಯಾರ ತೋರಿಸಿ ಕಾಯಿಸುತ್ತದೆ. "ನಮ್ಮ ಬೀಗರಂಗ್ರಿ ಅದು, 'ಈಗ ಬಂದ್ನಿ' ಅಂದ್ರ ಸಂಜೀಕ ಬರತೈತಿ!" ಎನ್ನುತ್ತಾರೆ. ಬಾಯ್ಲರಿನದಕ್ಕೆ ಒಂದೇ ಕೆಲಸ: ನೀರು ಇಳಿದ ಕ್ಷಣವೇ ಪಂಪು ಹಚ್ಚುವುದು. "ಇದರ ಈಗ ಅಂದ್ರ ಈಗ್ರಿ. ತಡಾ ಆದ್ರ ಸರಿ ಉತ್ತರಾನೂ ತಪ್ಪ." ಹಿಂದೆ ಪಂಪನ್ನು ಕೈಯಿಂದ ಹಚ್ಚುತ್ತಿದ್ದಾಗ ಅವರದೇ ಕೈ ಅರೆನಿಮಿಷ ತಡವಾಗಿ ಕೊಳವೆ ಸಿಡಿದು, ಕೆಳಗಿದ್ದ ಜೊತೆ ಕೆಲಸಗಾರ ಮುರಗೆಪ್ಪನ ತೋಳು ಬೆಂದಿತ್ತು. ಆದ್ದರಿಂದ ಈ ಯಂತ್ರ ಬಂದ ಮೇಲೂ ಎರಡು ಹಂಗಾಮು ಅವರು ನೀರಿನ ಮಟ್ಟ ತೋರುವ ಗಾಜಿನಿಂದ ಕಣ್ಣು ಕೀಳದೆ ನಿಂತೇ ಉಂಡರು. 1996ರಲ್ಲಿ ನಾನು ಹೋದಾಗ ಗಾಜಿಗೆ ಬೆನ್ನು ಮಾಡಿ, ಮುರಗೆಪ್ಪನೆದುರು ಕುಳಿತು ರೊಟ್ಟಿ ಮುರಿಯುತ್ತಿದ್ದರು. "ಏನ್ ಸಾಬ, ಇವತ್ತ ನೀರ್ ನೋಡುದಿಲ್ಲ?" ಎಂದು ಮುರಗೆಪ್ಪ ಕೆಣಕಿದ. "ಇವತ್ತ ನಿನ್ನ ಮಾರಿ ನೋಡ್ತೀನಿ, ಉಣ್ಣಲೇ."